ಪೀಣ್ಯದ ನಮ್ಮ ಶಾಪ್‌ಗೆ ಬೆಂಡಿಂಗ್ ರೋಬೋಟ್ ಬಂದಾಗ

ನಾನು ಕೆಲ್ಸ ಮಾಡೋದು ಪೀಣ್ಯ ಎರಡನೇ ಹಂತದಲ್ಲಿರೋ ಒಂದು ಶೀಟ್ ಮೆಟಲ್ ಶಾಪಲ್ಲಿ. ಎಲೆಕ್ಟ್ರಿಕಲ್ ಪ್ಯಾನೆಲ್ ಬಾಕ್ಸು, ಅದ್ರ ಡೋರು, ಬ್ರಾಕೆಟ್ಟು, ಕ್ಲಾಂಪು, ಇಂಥದ್ದೇ ನಮ್ ಕೆಲ್ಸ. ಲೇಸರ್ ಕಟಿಂಗ್ ಇದೆ, ಶೀಟ್ ಬಗ್ಸೋ ಸಿಎನ್‌ಸಿ ಪ್ರೆಸ್ ಬ್ರೇಕ್ ಇದೆ, ಹಿಂದ್ಗಡೆ ಶೆಡ್ಡಲ್ಲಿ ಸಣ್ಣ ಪೀಸ್‌ಗಳನ್ನ ಗುದ್ದಿ ಮಾಡೋ ಹಳೇ ಪವರ್ ಪ್ರೆಸ್‌ಗಳಿವೆ. ಮಾದಾವರದ ಬಿಐಇಸಿ ಎಕ್ಸಿಬಿಷನ್ ಸೆಂಟರಲ್ಲಿ ಜನವರಿ ತಿಂಗಳಲ್ಲಿ ಇಮ್‌ಟೆಕ್ಸ್ ಅಂತ ಮಷೀನುಗಳ ಪ್ರದರ್ಶನ ನಡೆಯುತ್ತಲ್ಲ, ಒಂದು ವರ್ಷ ಕಟಿಂಗ್ ಮಷೀನುಗಳದ್ದು, ಮುಂದಿನ ವರ್ಷ ಫಾರ್ಮಿಂಗ್‌ದು, ಅಂದ್ರೆ ಬಗ್ಸೋ, ಒತ್ತೋ ಮಷೀನುಗಳದ್ದು, ಆ ಫಾರ್ಮಿಂಗ್ ಶೋನಲ್ಲಿ ನಮ್ ಓನರ್ರು ರೋಬೋಟ್ ಬೆಂಡಿಂಗ್ ಸೆಲ್, ಅಂದ್ರೆ ರೋಬೋಟೇ ಶೀಟ್ ಎತ್ತಿ ಬಗ್ಸೋ ಮಷೀನ್ ಸೆಟ್ಟು, ನೋಡ್ಕೊಂಡು ಬಂದ್ರು, ಆಮೇಲೆ ಸುಮಾರು ದಿನ ಲೆಕ್ಕ ಹಾಕಿ ಬ್ಯಾಂಕ್ ಲೋನ್ ಮಾಡಿ ಆರ್ಡರ್ ಕೊಟ್ರು. ಹೊರಗಿನವ್ರು ಇದನ್ನ ಕೂಲಿ ಉಳ್ಸೋಕೆ ಅಂದ್ಕೊತಾರೆ. ನಮ್ ಕಷ್ಟ ಬೇರೆ. ಬೆಂಡಿಂಗ್ ಚೆನ್ನಾಗಿ ಬರೋ ಆಪರೇಟರ್ ಸಿಗೋದೇ ಕಷ್ಟ, ಕಸ್ಟಮರ್‌ಗೆ ನೋಡಿದ್ರೆ ಮೊದಲ್ನೇ ಡೋರೂ ಕೊನೇ ಡೋರೂ ಒಂದೇ ತರ ಬೇಕು, ಇಲ್ಲಾಂದ್ರೆ ಗ್ಯಾಸ್ಕೆಟ್ ಕೂರಲ್ಲ ಅಂತ ಇಡೀ ಲಾಟ್ ವಾಪಸ್ ಕಳಿಸ್ತಾರೆ.

ಬೆಂಡಿಂಗ್ ಬಗ್ಗೆ ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇದು ನೋಡೋಕೆ ಸುಲಭ ಅನ್ಸುತ್ತೆ. ಕೆಳಗೆ ವೀ ಡೈ, ಮೇಲೆ ಪಂಚ್, ಮಧ್ಯ ಶೀಟ್. ಏರ್ ಬೆಂಡಿಂಗ್‌ನಲ್ಲಿ ಪಂಚ್ ಡೈನ ತಳದವರೆಗೂ ಹೋಗಿ ಗುದ್ದಲ್ಲ, ಎಷ್ಟು ಆಳ ಇಳೀತೋ ಅಷ್ಟು ಆಂಗಲ್ ಬರುತ್ತೆ. ಶೀಟಿನ ದಪ್ಪದ ಎಂಟರಷ್ಟು ಡೈ ಅಗಲ ಇರ್ಬೇಕು ಅನ್ನೋದು ಎಲ್ಲಾ ಕಡೆ ನಡೆಯೋ ಲೆಕ್ಕ, ಹಾಗಾಗಿ ನಮ್ 1.6 ಎಂಎಂ ಡೋರ್ ಶೀಟ್‌ಗೆ 12 ಎಂಎಂ ಡೈ ಹಾಕ್ತೀವಿ. ಆ ಡೈಯಲ್ಲಿ ಪಂಚ್ ಬರೀ 0.1 ಎಂಎಂ ಹೆಚ್ಚು ಇಳಿದ್ರೂ ಆಂಗಲ್ ಹತ್ತತ್ರ ಒಂದು ಡಿಗ್ರಿ ಬದಲಾಗುತ್ತೆ. ಇದ್ರ ಜೊತೆಗೆ ಸ್ಪ್ರಿಂಗ್ ಬ್ಯಾಕ್, ಪಂಚ್ ಮೇಲೆ ಹೋದ ತಕ್ಷಣ ಶೀಟ್ ಸ್ವಲ್ಪ ಬಿಚ್ಕೊಳ್ಳುತ್ತೆ, 90 ಬೇಕಂದ್ರೆ 89ಕ್ಕೋ 88ಕ್ಕೋ ಬಗ್ಸಿ ಬಿಡ್ಬೇಕು. ಎಷ್ಟು ಬಿಚ್ಕೊಳ್ಳುತ್ತೆ ಅನ್ನೋದು ಶೀಟ್ ಎಷ್ಟು ಗಟ್ಟಿ ಅನ್ನೋದ್ರ ಮೇಲೆ, ದಪ್ಪದ ಮೇಲೆ, ಕೊನೆಗೆ ಕಾಯಿಲ್ (ಶೀಟ್ ಕತ್ತರಿಸೋಕೆ ಮುಂಚೆ ಇರೋ ಸುರುಳಿ) ರೋಲ್ ಆದ ದಿಕ್ಕಿನ ಮೇಲೂ ಹೋಗುತ್ತೆ.

ಸೆಲ್ ಕೂರ್ಸೋದೆಲ್ಲ ಮುಗಿದು ಮೊದಲ್ನೇ ಸಲ ನಿಜವಾದ ಆರ್ಡರ್ ಹಾಕಿ ಓಡ್ಸಿದ ದಿನದ ಬಗ್ಗೆ ಬರೀಬೇಕು ಅಂತ ಕೂತಿದ್ದು. ಬೆಳಿಗ್ಗೆ ಎಲ್ರೂ ಬೇಲಿ ಸುತ್ತ ನಿಂತಿದ್ರು, ಆಫೀಸ್ ಅಕೌಂಟ್ಸ್ ಮೇಡಂ ಕೂಡ ಬಂದಿದ್ರು. ರೋಬೋಟ್ ಕೈ ಬಂತು, ವ್ಯಾಕ್ಯೂಮ್ ಕಪ್ ಶೀಟ್ ಹಿಡೀತು, ಎತ್ತೋ ಅಷ್ಟರಲ್ಲಿ ಅಲಾರಂ. ಡಬಲ್ ಶೀಟ್. ಮತ್ತೆ ಇಟ್ಟು ಮತ್ತೆ ಎತ್ತಿದ್ರೂ ಅದೇ. ಸಿಆರ್ ಶೀಟ್, ಅಂದ್ರೆ ಕೋಲ್ಡ್ ರೋಲ್ಡ್ ಸ್ಟೀಲ್ ಶೀಟ್, ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಹಚ್ಚೇ ಬರುತ್ತೆ, ಆ ಎಣ್ಣೆಗೆ ಎರಡು ಶೀಟ್ ಹಸಿ ಹಪ್ಪಳದ ತರ ಅಂಟ್ಕೊಂಡ್ಬಿಡುತ್ತೆ. ಪಕ್ಕದಲ್ಲಿ ಮ್ಯಾಗ್ನೆಟ್ ಸೆಪರೇಟರ್ ಇತ್ತು, ಆದ್ರೆ ಪ್ಯಾಲೆಟ್ ಮೇಲೆ ಶೀಟ್‌ಗಳು ಹೆಂಗ್ ಹೆಂಗೋ ಜೋಡ್ಸಿದ್ದಿದ್ರಿಂದ ಅಂಚು ಮ್ಯಾಗ್ನೆಟ್‌ಗೆ ತಾಗ್ತಾನೇ ಇರ್ಲಿಲ್ಲ. ಸರ್ವಿಸ್ ಇಂಜಿನಿಯರ್ ಮ್ಯಾಗ್ನೆಟ್ ಸರಿಸ್ತಾ ಇದ್ದ, ಅಷ್ಟರಲ್ಲಿ ನಮ್ ಹಳೇ ಬೆಂಡಿಂಗ್ ಆಪರೇಟರ್, ಎಲ್ರೂ ಅವ್ರನ್ನ ಅಣ್ಣ ಅಂತಾನೇ ಕರೆಯೋದು, ಪಕ್ಕದ ಮಷೀನಲ್ಲಿ ಎಂದಿನಂತೆ ಕೆಲ್ಸ ಮಾಡ್ತಾ ಇದ್ರು, ನಾನು ಸುಮ್ನೆ ಅವ್ರ ಕೈ ನೋಡ್ತಾ ನಿಂತೆ. ಶೀಟ್ ಎತ್ತೋ ಮುಂಚೆ ಹೆಬ್ಬೆರಳಲ್ಲಿ ಮೂಲೆನ ಒಂದ್ಸಲ ಮೇಲಕ್ಕೆ ಮೀಟಿ ಬಿಡ್ತಾರೆ, ಗಾಳಿ ಒಳಗೆ ಹೋಗಿ ಅಂಟು ಬಿಡುತ್ತೆ. ಎತ್ತಿದ ಮೇಲೆ ಕಣ್ಣ ಮಟ್ಟಕ್ಕೆ ಹಿಡಿದು ಉದ್ದಕ್ಕೂ ಒಂದು ನೋಟ, ಬಾಗಿದ್ರೆ ಹೊಟ್ಟೆ ಕೆಳಗೆ ಮಾಡಿ ತಿರುಗ್ಸಿ ಇಡ್ತಾರೆ. ಬೆಂಡ್ ಆಗ್ವಾಗ ಶೀಟ್ ಮೇಲೇಳುತ್ತಲ್ಲ, ಅದ್ರ ಜೊತೇಲೇ ಎರಡೂ ಅಂಗೈ ಮೇಲೇಳುತ್ತೆ, ಒಂಚೂರು ಮುಂದಾದ್ರೆ ಗೆರೆ ಬೀಳುತ್ತೆ, ಹಿಂದಾದ್ರೆ ಶೀಟ್ ಜೋತು ಬಿದ್ದು ಉಲ್ಟಾ ಬಗ್ಗುತ್ತೆ. ಇಷ್ಟು ವರ್ಷ ನಮ್ ಪ್ರೋಸೆಸ್ ಶೀಟಲ್ಲಿ ಇದಕ್ಕೆಲ್ಲ ಸೇರಿ ಇದ್ದಿದ್ದು ಒಂದೇ ಸಾಲು, ‘ಬೆಂಡಿಂಗ್ ಆಸ್ ಪರ್ ಡ್ರಾಯಿಂಗ್’ ಅಂತ.

ಮಧ್ಯಾಹ್ನ ಊಟ ಆದ್ಮೇಲೆ ಡಬಲ್ ಶೀಟ್ ಸರಿ ಹೋಯ್ತು, ಡೋರ್‌ಗಳು ಚೆನ್ನಾಗಿ ಬರೋಕೆ ಶುರು ಆಯ್ತು, ಫೋಟೋ ಎಲ್ಲ ತೆಗೆದ್ರು. ಆಮೇಲೆ ಇದ್ದಕ್ಕಿದ್ದಂಗೆ ಆಂಗಲ್ ಹೋಯ್ತು. ಒಂದು 90, ಇನ್ನೊಂದು 91 ದಾಟಿದೆ, ಮತ್ತೊಂದು ಸರಿ ಇದೆ. ಬೆಂಡ್ ಆಗ್ತಿರ್ವಾಗ್ಲೇ ಲೇಸರ್‌ನಲ್ಲಿ ಆಂಗಲ್ ಅಳೆದು ತಾನೇ ತಿದ್ಕೊಳ್ಳೋ ಆಪ್ಷನ್ ಇರುತ್ತೆ, ರೇಟ್ ಜಾಸ್ತಿ ಅಂತ ನಮ್ ಓನರ್ರು ತಗೊಂಡಿರ್ಲಿಲ್ಲ. ಸರ್ವಿಸ್ ಇಂಜಿನಿಯರ್ ಟೂಲ್ ಬಿಚ್ಚಿ ನೋಡ್ದ, ಕ್ರೌನಿಂಗ್ (ಒತ್ತಡಕ್ಕೆ ಮಷೀನ್ ಮಧ್ಯ ಬಾಗೋದನ್ನ ಸರಿದೂಗ್ಸೋ ಸೆಟ್ಟಿಂಗ್) ನೋಡ್ದ, ಏನೂ ಸಿಗ್ಲಿಲ್ಲ. ಅಣ್ಣ ಬಂದು ಆಗಿರೋ ಡೋರ್‌ಗೆ ಗುಣಿಯಾ ಇಟ್ಟು ಟ್ಯೂಬ್‌ಲೈಟ್ ಕಡೆ ಹಿಡಿದು ಸಂದಿಲಿ ಬೆಳಕು ನೋಡಿದ್ರು, ಪ್ಯಾಲೆಟ್ ಹತ್ರ ಹೋಗಿ ‘ಎರಡು ಕಾಯಿಲ್ ಮಿಕ್ಸ್ ಆಗಿದೆ ಸರ್’ ಅಂದ್ರು. ಎರಡೂ ಸಿಆರ್ ಶೀಟಿನ ಐಎಸ್ 513 ಸ್ಟ್ಯಾಂಡರ್ಡ್ ಮಾಲೇ, ಎರಡಕ್ಕೂ ಟೆಸ್ಟ್ ಸರ್ಟಿಫಿಕೇಟ್ ಇದೆ, ಎರಡೂ ಪಾಸ್. ಆದ್ರೆ ಸ್ಟ್ಯಾಂಡರ್ಡ್ ಒಪ್ಪೋ ಮಿತಿ ಒಳಗೇನೇ ಒಂದು ಸ್ವಲ್ಪ ಗಟ್ಟಿ ಇರ್ಬೋದು, ಒಂದು ಸ್ವಲ್ಪ ತೆಳ್ಳಗಿರ್ಬೋದು, ಮೇಲೆ ಹೇಳಿದ್ನಲ್ಲ, ಅಷ್ಟು ವ್ಯತ್ಯಾಸ ಸಾಕು ಆಂಗಲ್ ತಪ್ಪೋಕೆ.

ನಿಮಗೆ ಹೆಂಗ್ ಗೊತ್ತಾಗುತ್ತೆ ಅಂತ ಕೇಳಿದ್ದಕ್ಕೆ ತಮ್ ಮಷೀನ್ ಪಕ್ಕದ ಶೀಟ್ ರಾಶಿ ತೋರ್ಸಿದ್ರು. ಪ್ರತೀ ಕಟ್ಟಿನ ಮೇಲಿನ ಶೀಟಿನ ಮೂಲೇಲಿ ಚಾಕ್‌ಪೀಸಲ್ಲಿ ‘ಗ’ ಅಥ್ವಾ ‘ಮೆ’ ಅಂತ ಬರ್ದಿದೆ. ಗಟ್ಟಿ, ಮೆತ್ತಗೆ. ಮೊದಲ್ನೇ ಬೆಂಡಲ್ಲೇ ಕೈಗೆ ಗೊತ್ತಾಗುತ್ತೆ, ಗುರ್ತು ಹಾಕಿ ಬೇರೆ ಬೇರೆ ಇಟ್ಟು, ಗಟ್ಟಿ ಮಾಲ್‌ಗೆ ಆಳ ಸ್ವಲ್ಪ ಹೆಚ್ಚು ಕೊಡ್ತಿದ್ರು ಅಷ್ಟೇ. ಆ ಚಾಕ್ ಗುರುತು ದಿನಾ ನಮ್ ಕಣ್ಮುಂದೇನೇ ಇತ್ತು. ಪೌಡರ್ ಕೋಟಿಂಗ್‌ಗೆ ಮುಂಚೆ ಶೀಟ್ ತೊಳೀತಾರಲ್ಲ, ಆಗ ಅಳಿಸ್ಹೋಗ್ತಿತ್ತು.

ಸಂಜೆ ಅಣ್ಣ ಹೇಳ್ತಾ ಹೋದ್ರು, ನಾನು ಬರ್ಕೊಂಡೆ, ಸರ್ವಿಸ್ ಇಂಜಿನಿಯರ್ ಗಟ್ಟಿ ಮಾಲ್‌ಗೊಂದು ಮೆತ್ತನೇದಕ್ಕೊಂದು ಅಂತ ಎರಡು ಪ್ರೋಗ್ರಾಂ ಮಾಡಿಟ್ಟ. ಕಾಯಿಲ್ ನಂಬರ್ ಪ್ರಕಾರವೇ ಶೀಟ್ ಜೋಡ್ಸಿ ಕಳಿಸ್ಬೇಕು ಅಂತ ಸಪ್ಲೈಯರ್‌ಗೆ ಪರ್ಚೇಸ್‌ನವ್ರಿಂದ ಹೇಳ್ಸಿದ್ವಿ. ಈಗ ಸೆಲ್ ಚೆನ್ನಾಗೇ ಓಡ್ತಿದೆ, ರಾತ್ರಿ ಶಿಫ್ಟಲ್ಲೂ ಓಡುತ್ತೆ. ಅಣ್ಣನೇ ಅದನ್ನ ನೋಡ್ಕೋತಾರೆ. ಅವ್ರ ಸಂಬಳ ಆಪರೇಟರ್ ಗ್ರೇಡಿಂದ ಪ್ರೋಗ್ರಾಮರ್ ಗ್ರೇಡ್‌ಗೆ ಹೋಗ್ಬೇಕು ಅಂತ ನಾನು ಬರ್ದು ಕೊಟ್ಟಿದೀನಿ, ಅದು ಇನ್ನೂ ಆಗಿಲ್ಲ, ನಾನು ಬಿಡೋದೂ ಇಲ್ಲ. ಮಷೀನ್ ಕಂಪನಿಯವ್ರಿಗೆ ಟ್ರೈನಿಂಗ್ ಅಂತ ದುಡ್ಡು ಕೊಡ್ತೀವಿ, ನಮ್ ಪ್ರೋಗ್ರಾಂ ಒಳಗೆ ಕೂತಿರೋ ತಿಳುವಳಿಕೆ ಅಣ್ಣಂದು, ಅದಕ್ಕೂ ಬೆಲೆ ಕೊಡ್ಲೇಬೇಕು.

ಇನ್ನೊಂದು ವಿಷ್ಯ ಇದೆ, ನನಗೆ ಇದೇ ಜಾಸ್ತಿ ಕೊರೀತಿರೋದು. ಅಣ್ಣನ ಜೊತೆ ಶೀಟ್ ಹಿಡೀತಿದ್ದ ಒಡಿಶಾದ ಹುಡುಗನಿಗೆ ಸೆಲ್ ಬಂದ್ಮೇಲೆ ಅಲ್ಲಿ ಕೆಲ್ಸ ಇರ್ಲಿಲ್ಲ, ಅವನನ್ನ ಹಿಂದಿನ ಶೆಡ್‌ಗೆ ಪವರ್ ಪ್ರೆಸ್ ಮೇಲೆ ಹಾಕಿದ್ರು. ಆ ಪ್ರೆಸ್‌ಗಳು ಹಳೇ ಕೀ ಕ್ಲಚ್‌ನವು. ಪೆಡಲ್ ತುಳಿದು ಕ್ಲಚ್ ಹಿಡೀತು ಅಂದ್ರೆ ಮುಗೀತು, ಸ್ಲೈಡ್, ಅಂದ್ರೆ ಮೇಲಿಂದ ಬಂದು ಗುದ್ದೋ ಭಾಗ, ಪೂರ್ತಿ ಕೆಳಗೆ ಹೋಗಿ ಮೇಲೆ ಬರೋವರೆಗೂ ಮಧ್ಯದಲ್ಲಿ ನಿಲ್ಸೋಕೆ ಆಗಲ್ಲ. ಕೀ ಸವೆದಿದ್ರೆ ಕಾಲು ತೆಗೆದ್ಮೇಲೂ ಇನ್ನೊಂದು ಸ್ಟ್ರೋಕ್ ಬೀಳ್ಬೋದು. ಕೈ ಅಡ್ಡ ಬಂದ್ರೆ ಪತ್ತೆ ಹಚ್ಚೋ ಬೆಳಕಿನ ಪರದೆ, ಲೈಟ್ ಕರ್ಟನ್, ಹಾಕ್ಸಿ ಬಿಡಿ ಅಂತ ತುಂಬಾ ಜನ ಹೇಳ್ತಾರೆ, ಮಧ್ಯದಲ್ಲಿ ನಿಲ್ಲಕ್ಕೇ ಬರದ ಪ್ರೆಸ್‌ಗೆ ಲೈಟ್ ಕರ್ಟನ್ ಹಾಕಿ ಪ್ರಯೋಜನ ಇಲ್ಲ, ಅದು ಕೈ ಬಂತು ಅಂತ ಸಿಗ್ನಲ್ ಕೊಟ್ರೂ ಸ್ಲೈಡ್ ಬಂದೇ ಬರುತ್ತೆ. ಒಂದೋ ಸ್ಲೈಡನ್ನ ಮಧ್ಯದಲ್ಲೇ ನಿಲ್ಸೋಕಾಗೋ, ಗಾಳಿ ಒತ್ತಡದ ನ್ಯೂಮ್ಯಾಟಿಕ್ ಕ್ಲಚ್ ಬ್ರೇಕ್ ಹಾಕ್ಸಿ, ಎರಡೂ ಕೈಲಿ ಬಟನ್ ಒತ್ತಿದ್ರೆ ಮಾತ್ರ ಓಡೋ ಹಂಗೆ ಮಾಡ್ಬೇಕು, ಇಲ್ಲಾ ಡೈ ಒಳಗೆ ಕೈ ಹೋಗೋ ಕೆಲ್ಸಾನೇ ತೆಗೀಬೇಕು. ಈ ಏರಿಯಾದಲ್ಲಿ ಟೀ ಅಂಗಡಿ ಮುಂದೆ ನಿಂತ್ರೆ ಲೋಟ ಹಿಡಿದಿರೋ ಕೈಗಳಲ್ಲಿ ಬೆರಳು ಕಮ್ಮಿ ಇರೋವು ಕಾಣ್ತವೆ, ಪೀಣ್ಯದಲ್ಲಿ ಕೆಲ್ಸ ಮಾಡೋರಿಗೆ ಇದು ಹೊಸದಲ್ಲ. ಆಟೋಮೇಷನ್ ಮೊದಲು ಬರ್ಬೇಕಾಗಿದ್ದು ಆ ಶೆಡ್‌ಗೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕಾಯಿಲ್ ಬಿಚ್ಚೋ ಡೀಕಾಯ್ಲರ್, ನೇರ ಮಾಡೋ ಸ್ಟ್ರೈಟ್ನರ್, ಮುಂದಕ್ಕೆ ತಳ್ಳೋ ಸರ್ವೋ ಫೀಡರ್, ಹಂತ ಹಂತವಾಗಿ ಪೀಸ್ ಮಾಡೋ ಒಂದು ಪ್ರೋಗ್ರೆಸಿವ್ ಡೈ, ಇಷ್ಟಿದ್ರೆ ಕಾಯಿಲ್ ತಾನೇ ಹೆಜ್ಜೆ ಹೆಜ್ಜೆಯಾಗಿ ಡೈ ಒಳಗೆ ಹೋಗುತ್ತೆ, ಮನುಷ್ಯನ ಕೈ ಹತ್ರ ಬರೋದೇ ಬೇಡ. ರೋಬೋಟ್ ಸೆಲ್‌ಗೆ ಹಾಕಿದ ದುಡ್ಡಿನ ಮುಂದೆ ಇದು ದೊಡ್ಡದಲ್ಲ, ಏನಂದ್ರೆ ಕಸ್ಟಮರ್ ಆಡಿಟ್‌ಗೆ ಬಂದಾಗ ಮುಂದ್ಗಡೆ ಶೆಡ್ ಅಷ್ಟೇ ನೋಡಿ ಖುಷಿಯಾಗಿ ಹೋಗ್ತಾರೆ.

ಅರ್ಥಿಂಗ್ ಕ್ಲಾಂಪು, ಮೌಂಟಿಂಗ್ ಬ್ರಾಕೆಟ್ಟು ಇವೆರಡನ್ನೂ ಕಾಯಿಲ್‌ಗೆ ತರ್ಬೋದು, ಅದ್ರ ಕೊಟೇಷನ್ ಓನರ್ ಟೇಬಲ್ ಮೇಲಿದೆ. ಲೇಸರಲ್ಲಿ ಉಳಿಯೋ ತುಂಡುಗಳಿಂದ ಮಾಡೋ ಸಣ್ಣ ಪೀಸ್‌ಗಳನ್ನ ಕಾಯಿಲ್‌ಗೆ ತರೋಕಾಗಲ್ಲ, ಅವಕ್ಕೆ ಕ್ಲಚ್ ಬ್ರೇಕ್ ಹಾಕಿದ ಪ್ರೆಸ್ಸೇ ಬೇಕು, ಅದಕ್ಕೆ ಬೇರೆ ರೇಟ್ ಕೇಳಿದೀನಿ. ಇದು ಆಗೋವರೆಗೂ ಆ ಹುಡುಗನನ್ನ ಪ್ರೆಸ್ ಮೇಲೆ ಕೂರಿಸ್ಬೇಡಿ ಅಂತ ಸೂಪರ್‌ವೈಸರ್ ಹತ್ರ ಜಗಳ ಆಡಿ, ಸದ್ಯಕ್ಕೆ ಅವನನ್ನ ಸೆಲ್ ಹತ್ರಾನೇ ಪ್ಯಾಲೆಟ್ ಜೋಡ್ಸೋ ಕೆಲ್ಸಕ್ಕೆ ಹಾಕ್ಸಿದೀನಿ, ಅಣ್ಣ ಅವನಿಗೆ ಕಾಯಿಲ್ ನಂಬರ್ ಓದೋದು ಹೇಳ್ಕೊಡ್ತಿದ್ದಾರೆ. ಅವನ ಜಾಗದಲ್ಲಿ ಪ್ರೆಸ್ ಮೇಲೆ ಈಗ ಇನ್ನೊಬ್ಬ ಕೂತಿದ್ದಾನೆ, ಅದಕ್ಕೇ ಕೊಟೇಷನ್ ವಿಷ್ಯ ದಿನಾ ಬೆಳಿಗ್ಗೆ ಓನರ್ ಹತ್ರ ಎತ್ತಿಯೇ ನಾನು ಕೆಲ್ಸ ಶುರು ಮಾಡೋದು.