‘ಈ ವಯಸ್ಸಲ್ಲಿ ಕೆಲಸ ಬಿಡಬಹುದಾ?’ ಅಂತ ಕೇಳುವವರಿಗೆ

ಎಚ್‌ಆರ್ (ಕಂಪನಿಯ ಸಿಬ್ಬಂದಿ ವಿಭಾಗ) ಕೆಲಸದಲ್ಲಿರುವ ನನ್ನಂಥವರಿಗೆ ಮದುವೆಮನೆಯ ಊಟದ ಪಂಕ್ತಿಯಲ್ಲೂ ತಪ್ಪದ ಪ್ರಶ್ನೆ ಇದು: “ನಲವತ್ತೆರಡಾಯ್ತು ಸರ್, ಕೆಲಸ ಹಿಡಿಸ್ತಿಲ್ಲ. ಈ ವಯಸ್ಸಲ್ಲಿ ಬಿಡಬಹುದಾ?”

ಬಿಡಬಹುದು. ಆದರೆ ವಯಸ್ಸನ್ನು ಯಾಕೆ ಎಳೆದು ತರ್ತೀರಿ? ಏನು ಹಿಡಿಸ್ತಿಲ್ಲ ಅಂತ ತಿರುಗಿ ಕೇಳಿದರೆ “ಎಲ್ಲಾನೂ” ಅಂತೀರಿ. ಎಲ್ಲಾನೂ ಹಿಡಿಸದ ಕೆಲಸದಲ್ಲಿ ಯಾರೂ ಹದಿನೈದು ವರ್ಷ ಉಳಿಯೋದಿಲ್ಲ.

ಎರಡು ವಾರ, ದಿನಾ ಸಂಜೆ ಐದು ನಿಮಿಷ ಕೂತು ಯಾವುದಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಬರೆದಿಡಿ. ಪಕ್ಕದಲ್ಲಿ, ಹಿಡಿಸಿದ್ದಕ್ಕೆ ಪ್ಲಸ್, ಹಿಡಿಸದ್ದಕ್ಕೆ ಮೈನಸ್ ಹಾಕಿ. ಸಾಫ್ಟ್‌ವೇರ್‌ನವರ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಸ್ಟೇಟಸ್ ಮೀಟಿಂಗ್ ಮೈನಸ್, ಅಪ್ರೈಸಲ್ (ವರ್ಷದ ಕೆಲಸದ ಮೌಲ್ಯಮಾಪನ) ಫಾರಂ ಮೈನಸ್, ಕ್ಲೈಂಟ್ ಎಸ್ಕಲೇಷನ್ (ಮೇಲಿನವರವರೆಗೆ ಹೋದ ಗ್ರಾಹಕರ ದೂರು) ಮೈನಸ್; ಹೊಸ ಹುಡುಗನ ಜೊತೆ ಕೂತು ಕೋಡ್‌ನ ತಪ್ಪು ಹಿಡಿದ ಮುಕ್ಕಾಲು ಗಂಟೆ ಮಾತ್ರ ಪ್ಲಸ್. ಅಂದರೆ ಕೆಟ್ಟದ್ದು ಕಂಪನಿ ಅಲ್ಲ, ಬಡ್ತಿ. ಕೋಡ್ ಬರೆಯುವವರನ್ನು ಮ್ಯಾನೇಜರ್ ಮಾಡಿ ಕೂರಿಸಿದ್ದಾರೆ. ಇವರು ಸಂಬಳ ಹೆಚ್ಚಿಸಿಕೊಂಡು ಬೇರೆ ಕಡೆ ಹೋದರೂ ಅಲ್ಲಿ ಸಿಗೋದು ಮ್ಯಾನೇಜರ್ ಕುರ್ಚಿಯೇ, ಯಾಕೆಂದರೆ ಹೊಸ ಕಂಪನಿ ಕೊನೆಯ ಹುದ್ದೆ ನೋಡಿಯೇ ತಗೊಳ್ಳುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್‌ನ ಸುಮಾರು 200 ಇಂಜಿನಿಯರುಗಳು ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಇದನ್ನು ಹೇಳಿದ್ದರು: ಗೊಣಗಾಟ ಹುಟ್ಟೋದು ಮೇಲಧಿಕಾರಿ, ಕಚೇರಿಯ ನಿಯಮ, ಸಂಬಳದಂಥವುಗಳಿಂದ, ತೃಪ್ತಿ ಹುಟ್ಟೋದು ಮಾಡುವ ಕೆಲಸದಿಂದ. ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನಾಗಿ ಬರೋದಿಲ್ಲ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ: “ಈ ಪ್ಲಸ್ ಗಂಟೆಗಳನ್ನು ಹೆಚ್ಚಿಸಿಕೊಳ್ಳೋದು ಹೇಗೆ?” ಮೊದಲು ಒಳಗೇ ಕೇಳಿ. ಆರ್ಕಿಟೆಕ್ಟ್, ಪ್ರಿನ್ಸಿಪಲ್ ಇಂಜಿನಿಯರ್ ಅಂತ ತಾಂತ್ರಿಕ ಹುದ್ದೆಗಳ ಏಣಿ ಬಹಳ ಕಂಪನಿಗಳಲ್ಲಿದೆ. ಅಪ್ರೈಸಲ್‌ವರೆಗೆ ಕಾಯಬೇಡಿ, ಅಷ್ಟೊತ್ತಿಗೆ ಮುಂದಿನ ವರ್ಷದ ಹುದ್ದೆಗಳ ಲೆಕ್ಕ ಮುಗಿದಿರುತ್ತದೆ. ಮೈನಸ್ ಎಲ್ಲ ಒಬ್ಬ ಬಾಸ್‌ನ ಸುತ್ತಲೇ ಇದ್ದರೆ ತಂಡ ಬದಲಿಸಿದರೆ ಸಾಕು.

ಪಟ್ಟಿ ತುಂಬ ಮೈನಸ್ಸೇ ಇದ್ದರೆ ಬಿಡಿ, ಆದರೆ ತಾರೀಖು ನೋಡಿ ಬಿಡಿ. ಕಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಸಿಗೋದು ಐದು ವರ್ಷಕ್ಕೆ: ಕೊನೆಯ ತಿಂಗಳ ವೇತನವನ್ನು (ಮುಖ್ಯವಾಗಿ ಮೂಲವೇತನ ಮತ್ತು ತುಟ್ಟಿಭತ್ಯೆ) 26ರಿಂದ ಭಾಗಿಸಿ, 15ರಿಂದ ಮತ್ತು ವರ್ಷಗಳಿಂದ ಗುಣಿಸಿ. ಆ ವೇತನ 60,000 ರೂಪಾಯಿ ಇದ್ದರೆ ಐದು ವರ್ಷಕ್ಕೆ ಸುಮಾರು 1,73,000. ನಾಲ್ಕು ವರ್ಷ ಐದು ತಿಂಗಳಿಗೇ ಹೊರಬಿದ್ದರೆ ಅದು ಕೈತಪ್ಪುತ್ತದೆ. ಪಿಎಫ್ ಹಣ ತೆಗೆಯಬೇಡಿ, ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ. ಒಂಬತ್ತನೇ ವರ್ಷದಲ್ಲಿ ಅದರ ಜೊತೆಗಿರುವ ಪಿಂಚಣಿ ಭಾಗವನ್ನೂ ತೆಗೆದುಬಿಟ್ಟರೆ, ಹತ್ತು ವರ್ಷ ತುಂಬಿದವರಿಗೆ 58ಕ್ಕೆ ಶುರುವಾಗುವ ಪಿಂಚಣಿಗೆ ಮತ್ತೆ ಮೊದಲಿಂದ ಎಣಿಕೆ.

ಬಹಳ ಜನ ಎಡವೋದು ಆರೋಗ್ಯ ವಿಮೆಯಲ್ಲಿ. ಊರಲ್ಲಿರುವ ಅಪ್ಪ ಅಮ್ಮನಿಗೂ ಇರುವುದು ಕಂಪನಿಯ ಪಾಲಿಸಿಯೇ, ಅದು ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ರಾಜೀನಾಮೆ ಕೊಡುವ ಮೊದಲೇ ಸ್ವಂತ ಪಾಲಿಸಿ ಮಾಡಿಸಿ, ಇರುವ ಕಾಯಿಲೆ ಒಂದನ್ನೂ ಅರ್ಜಿಯಲ್ಲಿ ಮುಚ್ಚಿಡಬೇಡಿ.