ಕಾನೋ ನಗರದ ಮಣ್ಣಿನ ಕೋಟೆ

ಚಿತ್ರದುರ್ಗದಲ್ಲಿ ಬೆಳೆದ ನನಗೆ ಕೋಟೆಯೆಂದರೆ ಕಲ್ಲು. ಆದ್ದರಿಂದ ಕೆಲಸದ ನಿಮಿತ್ತ ನೈಜೀರಿಯಾದ ಕಾನೋ ನಗರದಲ್ಲಿ ಕೆಲವು ತಿಂಗಳು ಇದ್ದಾಗ, ಹಳೆಯ ಊರಿನ ಅಂಚಿನಲ್ಲಿ ಮಳೆಗೆ ಕರಗಿ ದಿಬ್ಬದಂತಾಗಿದ್ದ ಕೆಮ್ಮಣ್ಣಿನ ರಾಶಿಯೇ ಅಲ್ಲಿನ ಹೆಸರಾಂತ ಕೋಟೆಯೆಂದು ನನಗೆ ಮೊದಲು ತಿಳಿಯಲೇ ಇಲ್ಲ.

1095ರಿಂದ 1134ರವರೆಗೆ ಆಳಿದ ಗಿಜಿಮಾಸು ಎಂಬ ದೊರೆ ಈ ಗೋಡೆಯನ್ನು ಕಟ್ಟಿಸಲು ತೊಡಗಿದನೆಂದು ಅಲ್ಲಿನ ಪರಂಪರೆ ಹೇಳುತ್ತದೆ. 14ನೆಯ ಶತಮಾನದ ನಡುವಿಗೆ ಅದು ಪೂರ್ಣಗೊಂಡಿತು, ಮುಂದಿನ ಶತಮಾನದ ಕೊನೆಯಲ್ಲಿ ಮುಹಮ್ಮದ್ ರುಂಫಾ ಎಂಬ ದೊರೆ ಅದನ್ನು ಇನ್ನಷ್ಟು ಹಿಗ್ಗಿಸಿದನು. 1903ರಲ್ಲಿ ನಗರವನ್ನು ವಶಪಡಿಸಿಕೊಂಡ ಬ್ರಿಟಿಷರ ಲೆಕ್ಕದಲ್ಲಿ ಅದರ ಸುತ್ತಳತೆ 11 ಮೈಲಿ, ಎತ್ತರ 30ರಿಂದ 50 ಅಡಿ, ಬುಡದ ದಪ್ಪ 40 ಅಡಿ. ಒಟ್ಟು 13 ಬಾಗಿಲುಗಳಿದ್ದವು. ಹೌಸಾ ಭಾಷೆಯಲ್ಲಿ ಬಾಗಿಲಿಗೆ ‘ಕೋಫಾ’ ಎನ್ನುತ್ತಾರೆ. ನಮ್ಮಲ್ಲಿ ರಂಗಯ್ಯನ ಬಾಗಿಲು ಇರುವಂತೆ ಅಲ್ಲಿ ಕೋಫರ್ ಮಾತಾ, ಕೋಫರ್ ನಾಇಸಾ ಎಂಬ ಹೆಸರುಗಳು ಇಂದಿಗೂ ಬಡಾವಣೆಗಳ ಗುರುತಾಗಿ ಉಳಿದಿವೆ.

ನನ್ನ ಮನಸ್ಸು ನಿಂತದ್ದು ಕಟ್ಟಿದ ಬಗೆಯ ಮೇಲೆ. ಮಣ್ಣನ್ನು ಕಲಸಿ, ಶಂಕುವಿನಾಕಾರದ ಉಂಡೆಗಳನ್ನು ಮಾಡಿ, ಬಿಸಿಲಿಗೆ ಒಣಗಿಸಿ, ಮತ್ತೆ ಹಸಿಮಣ್ಣಿನಲ್ಲಿಯೇ ಅವನ್ನು ಸಾಲುಸಾಲಾಗಿ ಕೂರಿಸುತ್ತಿದ್ದರು. ಈ ಉಂಡೆಗೆ ‘ತುಬಾಲಿ’ ಎಂದು ಹೆಸರು. ಕಟ್ಟಡಗಳಿಗೆಂದು ಮಣ್ಣು ತೆಗೆದ ಗುಂಡಿಗಳು ಮಳೆನೀರು ತುಂಬಿ ಹೊಂಡಗಳಾದವು. ಗೋಡೆಯೊಳಗೆ ಮನೆಗಳಷ್ಟೇ ಅಲ್ಲ, ಹೊಲಗಳೂ ಇದ್ದುದರಿಂದ ಶತ್ರುಗಳು ಮುತ್ತಿಗೆ ಹಾಕಿದರೂ ಜನ ಬೆಳೆದು ಉಣ್ಣಬಹುದಾಗಿತ್ತು. ಕೋಟೆಯ ಎತ್ತರಕ್ಕಿಂತ ಈ ಮುಂದಾಲೋಚನೆಯೇ ನನಗೆ ದೊಡ್ಡದಾಗಿ ಕಂಡಿತು.

ಮಣ್ಣಿನ ಗೋಡೆಗೆ ಮಳೆಗಾಲ ಕಳೆದಾಗಲೆಲ್ಲ ಮತ್ತೆ ಮಣ್ಣು ಮೆತ್ತಬೇಕು. ಚಳ್ಳಕೆರೆ ಕಡೆಯ ನಮ್ಮ ಅಜ್ಜಿಯ ಮಾಳಿಗೆ ಮನೆಗೂ ಮುಂಗಾರಿಗೆ ಮೊದಲು ಚೌಳುಮಣ್ಣು ಹೊದಿಸುತ್ತಿದ್ದರು. ಒಂದು ವರ್ಷ ಬಿಟ್ಟರೆ ಸೋರುತ್ತಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಕಾನೋದ ಗೋಡೆಗೆ ಕಾವಲಿನ ಕೆಲಸವಿಲ್ಲದಂತಾಗಿ, ಆ ಆರೈಕೆ ನಿಂತುಹೋಯಿತು. ಆಮೇಲೆ ಜನ ಮನೆ ಕಟ್ಟಲು ಅದರ ಮಣ್ಣನ್ನೇ ಅಗೆದೊಯ್ದರು, ಹಲವೆಡೆ ಅಂಗಡಿಗಳು ಎದ್ದವು.

ಊರಿಗೆ ಮರಳಿದ ಮೇಲೆ ಅಜ್ಜಿಯ ಹಳ್ಳಿಗೆ ಹೋಗಿ, ಊರ ಹೊರಗಿನ ಹುಡೇವನ್ನು, ಅಂದರೆ ಮಣ್ಣಿನ ಕಾವಲು ಬುರುಜನ್ನು, ನೋಡಿ ಬಂದೆ. ಬಾಲ್ಯದಲ್ಲಿ ನಾವು ಹತ್ತಿ ಆಡುತ್ತಿದ್ದ ಅದರಲ್ಲಿ ಈಗ ಆಳೆತ್ತರದಷ್ಟು ಮಾತ್ರ ಉಳಿದಿದೆ. ಬಿಟ್ಟು ಹೋಗುವ ಮುನ್ನ ಅದರ ನಾಲ್ಕೂ ಬದಿಯ ಚಿತ್ರ ತೆಗೆದುಕೊಂಡೆ.