ಹಾಡಿಗೆ ಸಿಕ್ಕ ಗಣಿ ದೀಪ

ಲಾ ಉನಿಯೋನ್ ಎಂಬ ಊರಿನ ಹಳೆಯ ಮಾರುಕಟ್ಟೆಯಲ್ಲಿ ಈಗ ಯಾರೂ ತರಕಾರಿ ಮಾರುವುದಿಲ್ಲ. 1907ರಲ್ಲಿ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ ಎತ್ತರದ ಕಟ್ಟಡ ಅದು. ಆಗಸ್ಟ್ ಬಂದರೆ ಅದರೊಳಗೆ ಕುರ್ಚಿಗಳು ಸಾಲುಗಟ್ಟುತ್ತವೆ, ವೇದಿಕೆ ಏಳುತ್ತದೆ, ಸ್ಪೇನ್‌ನ ಮೂಲೆಮೂಲೆಗಳಿಂದ ಫ್ಲಮೆಂಕೊ ಎಂಬ ಅಲ್ಲಿನ ಸಾಂಪ್ರದಾಯಿಕ ಹಾಡು-ಕುಣಿತದ ಕಲೆಯ ಹಾಡುಗಾರರು ಬರುತ್ತಾರೆ. ಊರಿನವರ ಬಾಯಲ್ಲಿ ಅದು ‘ಹಾಡಿನ ಕೆಥೆಡ್ರಲ್’. ಪ್ರತಿ ವರ್ಷ ಅಲ್ಲಿ ನಡೆಯುವ ಗಣಿ ಹಾಡುಗಳ ಸ್ಪರ್ಧೆಯ ಅಂತಿಮ ರಾತ್ರಿಯನ್ನು ನೋಡುವ ಭಾಗ್ಯ ನನಗೆ ಒಂದು ಸಲ ಸಿಕ್ಕಿತು.

ಕೆಲಸದ ಮೇಲೆ ಎರಡು ವರ್ಷ ಪಕ್ಕದ ಕಾರ್ತಹೇನಾ ನಗರದಲ್ಲಿದ್ದೆ. ನಾನಿದ್ದ ಮನೆಯ ಒಡತಿ ಲಾ ಉನಿಯೋನ್‌ನಲ್ಲಿ ಹುಟ್ಟಿದವರು, ಗಣಿ ಕಾರ್ಮಿಕರೊಬ್ಬರ ಮಗಳು. ಒಂದು ಸಂಜೆ ಮಾತಿನ ನಡುವೆ, ಈ ಸ್ಪರ್ಧೆಯ ದೊಡ್ಡ ಬಹುಮಾನದ ಹೆಸರು ‘ಲಾಂಪರಾ ಮಿನೇರಾ’ ಎಂದರು. ಅಂದರೆ ಗಣಿ ದೀಪ. ಚೆನ್ನಾಗಿ ಹಾಡಿದವರಿಗೆ ಪದಕವಲ್ಲ, ದೀಪ! ನನ್ನ ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು. ನನ್ನ ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್‌ನಲ್ಲಿ, ಜೀವಮಾನ ದುಡಿದವರು. ಮೂರು ಕಿಲೋಮೀಟರಿಗೂ ಆಳವಾದ ಆ ಗಣಿಗೆ ತಲೆಯ ಮೇಲಿನ ದೀಪವನ್ನೇ ನಂಬಿಕೊಂಡು ಇಳಿಯುತ್ತಿದ್ದರು. ಪಾಳಿ ಮುಗಿಸಿ ದೀಪ ಒಪ್ಪಿಸಿ ಮನೆಗೆ ಬಂದರೆ ಅಮ್ಮನಿಗೆ ಆ ದಿನ ಮುಗಿದಂತೆ. ನಾನು ಇದನ್ನು ಹೇಳಿದಾಗ ಒಡತಿ ಎದ್ದು ಬಂದು ನನ್ನ ಕೆನ್ನೆ ಹಿಡಿದು, “ಮಗಳೇ, ನೀನು ಈ ಸಲ ನನ್ನ ಜೊತೆ ಬರಲೇಬೇಕು” ಎಂದರು.

ಅಂತಿಮ ಸ್ಪರ್ಧೆಯ ದಿನ ಮಧ್ಯಾಹ್ನವೇ ಕಿರಿದಾದ ಹಳಿಯ ಪುಟ್ಟ ರೈಲು ಹತ್ತಿದೆವು. ಕಾರ್ತಹೇನಾದಿಂದ ಊರು ದೂರವೇನಲ್ಲ, ಆದರೆ ಕಿಟಕಿಯಾಚೆಯ ನೆಲ ಬೇಗ ಬಣ್ಣ ಬದಲಿಸುತ್ತದೆ. ಹಸಿರು ಹೋಗಿ ತುಕ್ಕು, ಹಳದಿ, ಬೂದಿ ಬಣ್ಣದ ಗುಡ್ಡಗಳು ಬರುತ್ತವೆ. ರೋಮನ್ನರ ಕಾಲಕ್ಕೂ ಹಿಂದಿನಿಂದ ಇಲ್ಲಿ ಸೀಸ ಮತ್ತು ಬೆಳ್ಳಿಯನ್ನು ಅಗೆದಿದ್ದಾರೆ. ಸಂಜೆಯೊಳಗೆ ‘ಅಗ್ರೂಪಾ ವಿಸೆಂತಾ’ ಎಂಬ ಗಣಿಗೆ ಹೋಗಿ ಬಂದೆವು. ಈಗ ಅದು ನೋಡುಗರಿಗೆ ತೆರೆದಿದೆ. ಕೆಳಗೆ ಕೆಂಪು ನೀರಿನ ಕೊಳ, ಬಂಡೆಯನ್ನೇ ಬಿಟ್ಟು ಕೊರೆದ ದಪ್ಪ ಕಂಬಗಳು, ತಣ್ಣನೆಯ ಗಾಳಿ. ಅಪ್ಪ ಇಳಿಯುತ್ತಿದ್ದ ಆಳದಲ್ಲಿ ಸೆಕೆ ತಡೆಯಲಾಗುತ್ತಿರಲಿಲ್ಲವಂತೆ. ಆದರೂ ಆ ಗೋಡೆಯ ಒದ್ದೆ ಕಲ್ಲಿನ ವಾಸನೆ, ಅವರ ಬಟ್ಟೆಗೆ ಅಂಟಿಕೊಂಡು ಬರುತ್ತಿದ್ದ ವಾಸನೆಯನ್ನೇ ಹೋಲುತ್ತಿತ್ತು.

ಗುಡ್ಡದ ಆಚೆ ಬದಿಯಲ್ಲಿ ಪೊರ್ತ್‌ಮಾನ್ ಕೊಲ್ಲಿ. 1957ರಿಂದ 1990ರವರೆಗೆ ಸುಮಾರು 5.7 ಕೋಟಿ ಟನ್ ಗಣಿ ತ್ಯಾಜ್ಯವನ್ನು ಸುರಿದು ಸಮುದ್ರವನ್ನೇ ಹಿಂದಕ್ಕೆ ದೂಡಿದ್ದಾರೆ. ಚಿನ್ನ ತೆಗೆದು ಉಳಿದ ಮಣ್ಣಿನ ರಾಶಿಗಳಾದ ನಮ್ಮೂರಿನ ಸೈನೈಡ್ ದಿಬ್ಬಗಳನ್ನು ನೋಡಿ ಬೆಳೆದವಳಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಗಣಿಗಳು ಜೋರಾಗಿ ನಡೆಯುತ್ತಿದ್ದಾಗ ದಕ್ಷಿಣ ಸ್ಪೇನ್‌ನ ಅಲ್ಮೇರಿಯಾ ಮತ್ತು ಅಂಡಲೂಸಿಯಾದ ಇತರ ಕಡೆಗಳಿಂದ ಸಾವಿರಾರು ಬಡವರು ಇಲ್ಲಿಗೆ ಬಂದರು. ಅವರು ತಂದ ಹಾಡು ಇಲ್ಲಿನ ಧೂಳಿನಲ್ಲಿ ಮಿನೇರಾ, ತರಾಂತಾ, ಕಾರ್ತಹೆನೇರಾ ಎಂಬ ರೂಪಗಳನ್ನು ಪಡೆಯಿತು. ದುಡಿಯುವವರು ಪದ್ಯ ಕಟ್ಟಿ ಸವಾಲು-ಜವಾಬು ನಡೆಸುವ ಪದ್ಧತಿಯೂ ಇತ್ತು, ನಮ್ಮ ಕಲ್ಗಿ-ತುರಾ ಲಾವಣಿಯ ಹಾಗೆ. ಕಾಲ ಕಳೆದಂತೆ ಊರು ತನ್ನ ಹಾಡನ್ನೇ ಮರೆಯಿತು. ಹೆಸರಾಂತ ಗಾಯಕ ಹುವಾನಿಟೊ ವಾಲ್ದೆರ್ರಾಮಾ ಇಲ್ಲಿ ಗಣಿ ಹಾಡುಗಳನ್ನು ಹಾಡಿದಾಗ ಜನ ಅದನ್ನು ಬಿಟ್ಟು ಜನಪ್ರಿಯ ಗೀತೆಗಳನ್ನು ಹಾಡಿ ಎಂದರಂತೆ. ಅವರು ನೊಂದರು. ಆ ನೋವು ಮೇಯರ್ ಎಸ್ತೆಬಾನ್ ಬೆರ್ನಾಲ್ ಅವರನ್ನು ತಟ್ಟಿ, 1961ರಲ್ಲಿ ಸ್ಪರ್ಧೆ ಶುರುವಾಯಿತು ಎಂಬ ಕಥೆಯನ್ನು ಒಡತಿ ರೈಲಿನಲ್ಲೇ ಹೇಳಿದ್ದರು. ಗಣಿಗಳು ತೊಂಬತ್ತರ ದಶಕದ ಆರಂಭಕ್ಕೆ ಮುಚ್ಚಿದವು. ಸ್ಪರ್ಧೆ ಮುಚ್ಚಲಿಲ್ಲ.

ರಾತ್ರಿ ಮಾರುಕಟ್ಟೆ ತುಂಬಿತ್ತು. ಬೀಸಣಿಗೆಗಳ ಸದ್ದು ಎಲ್ಲೆಡೆ. ಗಿಟಾರ್ ವಾದಕರಿಗೆ ‘ಬೊರ್ದೋನ್’, ನೃತ್ಯಕ್ಕೆ ‘ದೆಸ್ಪ್ಲಾಂತೆ’, ಇತರ ವಾದ್ಯಗಳಿಗೆ ‘ಫಿಲೋನ್’ ಎಂಬ ಬಹುಮಾನಗಳಿವೆ. ಫಿಲೋನ್ ಎಂದರೆ ಅದಿರಿನ ಎಳೆ. ನೃತ್ಯಕ್ಕೆ ಜನ ಕೂಗಿ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ನಾನು ಕಾಯುತ್ತಿದ್ದದ್ದು ಬೇರೆಯದಕ್ಕೆ.

ದೀಪ ಗೆಲ್ಲಬೇಕಾದವರು ಮಿನೇರಾ ಹಾಡಲೇಬೇಕು. ಒಂದು ಕುರ್ಚಿಯಲ್ಲಿ ಹಾಡುಗಾರ, ಇನ್ನೊಂದರಲ್ಲಿ ಗಿಟಾರ್ ಹಿಡಿದವರು, ಬೇರೆ ಯಾರೂ ಇಲ್ಲ. ಕೈತಾಳವಿಲ್ಲ, ಕಾಲಿನ ಸದ್ದಿಲ್ಲ. ಗಿಟಾರಿನ ಎರಡು ತಂತಿಗಳನ್ನು ಒತ್ತದೆ ಹಾಗೆಯೇ ಬಿಟ್ಟು ಮೀಟುತ್ತಾರೆ. ಪಕ್ಕಪಕ್ಕದ ಸ್ವರಗಳು ಒಂದನ್ನೊಂದು ತಿಕ್ಕಿ, ಕಲ್ಲಿಗೆ ಉಳಿ ತಾಗಿದಂತೆ ಕೇಳಿಸುತ್ತದೆ. ಪದ್ಯ ಚಿಕ್ಕದು, ಸಾಲಿಗೆ ಎಂಟೇ ಅಕ್ಷರ. ಆ ಎಂಟು ಅಕ್ಷರಗಳನ್ನು ಹಾಡುಗಾರ ಎಳೆದು, ತಿರುಗಿಸಿ, ನಡುವೆ ಉಸಿರು ನಿಲ್ಲಿಸಿ, ಮತ್ತೆ ಮೇಲಕ್ಕೆತ್ತುತ್ತಾನೆ. ತಾಳಕ್ಕೆ ಕಟ್ಟುಬೀಳದ ಉಗಾಭೋಗವನ್ನು ಒಳ್ಳೆಯ ಗಾಯಕರಿಂದ ಕೇಳಿದವರಿಗೆ ಆ ಮೌನದ ಬೆಲೆ ಗೊತ್ತು. ಮುಂದಿನ ಮಾತು ಎಲ್ಲಿ ಬೀಳುತ್ತದೆ ಎಂದು ನಾವು ಎಣಿಸಿ ಹೇಳಲಾಗುವುದಿಲ್ಲ, ಅವನ ಎದೆಯನ್ನೇ ನೋಡುತ್ತ ಕಾಯಬೇಕು.

ಅಂದು ಕೊನೆಗೆ ಬಂದ ಹುಡುಗನ ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಗಣಿಯನ್ನು ಪ್ರವಾಸಿಯಾಗಿ ಮಾತ್ರ ನೋಡಿರಬಹುದಾದ ತಲೆಮಾರು. ಬೆಳಗಿನ ಜಾವ ಕೆಲಸಕ್ಕೆ ಹೊರಟ ಗಂಡಸು, ಬಾಗಿಲಲ್ಲಿ ನಿಂತ ತಾಯಿ: ಅಷ್ಟೇ ಪದ್ಯದ ವಿಷಯ. ಮೊದಲ ‘ಆಯ್’ ಎಂಬ ಕೂಗಿಗೇ ಬೀಸಣಿಗೆಗಳು ನಿಂತವು. ಯಾರೋ ತೀರ ಮೆಲ್ಲಗೆ ‘ಓಲೇ’ ಎಂದರು, ನಮ್ಮ ಸಭೆಗಳಲ್ಲಿ ಹಿರಿಯರು ತಮಗೆ ತಾವೇ ‘ಭಲೇ’ ಎಂದುಕೊಳ್ಳುವ ಹಾಗೆ. ಒಡತಿ ನನ್ನ ಮಣಿಕಟ್ಟು ಹಿಡಿದಿದ್ದರು. ಕಡೆಯ ಸಾಲಿನಲ್ಲಿ ಅವನ ದನಿ ಒಂದು ಕ್ಷಣ ಸೀಳಿತು. ಅವನು ಅದನ್ನು ಮುಚ್ಚಿಡಲು ಹೋಗಲಿಲ್ಲ, ಆ ಸೀಳಿನ ಮೇಲೆಯೇ ಹಾಡನ್ನು ಇಳಿಸಿದ. ನನಗೆ ಆಗ ಅಪ್ಪನ ಕೆಮ್ಮು ನೆನಪಾಯಿತು. ಅತ್ತುಬಿಟ್ಟೆ.

ಈ ಹಾಡಿಗೆ ಹುಟ್ಟಿನ ಹಕ್ಕುಪತ್ರ ಬೇಕಿಲ್ಲ ಎನ್ನುವುದು ಈ ಊರಿನ ದೊಡ್ಡತನ. 1987ರಲ್ಲಿ ಮೈತೆ ಮಾರ್ತಿನ್, 1993ರಲ್ಲಿ ಇಪ್ಪತ್ತರ ಹುಡುಗ ಮಿಗೆಲ್ ಪೊವೇದಾ ಈ ದೀಪವನ್ನು ಪಡೆದರು. ಇಬ್ಬರೂ ಹುಟ್ಟಿದ್ದು ಇಲ್ಲಿಗೆ ಬಹಳ ದೂರದ ಬಾರ್ಸಿಲೋನಾದಲ್ಲಿ. ನಮ್ಮ ಕೆಜಿಎಫ್‌ನಲ್ಲೂ ತಮಿಳು, ತೆಲುಗು, ಕನ್ನಡದ ಎಷ್ಟೋ ಹಾಡುಗಳು ಲೈನ್ ಮನೆಗಳ ಜಗಲಿಗಳಲ್ಲಿ ಇದ್ದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆ ಹಾಡುಗಳಿಗಾಗಿ ನಾವು ವರ್ಷಕ್ಕೆ ಒಂದು ರಾತ್ರಿಯನ್ನು ಎತ್ತಿಡಲಿಲ್ಲ. ಇದು ನನಗೆ ಅಂದು ತುಂಬಾ ನೋವು ಕೊಟ್ಟಿತು, ಇಂದಿಗೂ ಕೊಡುತ್ತದೆ.

ತೀರ್ಪುಗಾರರು ಒಳಗೆ ಹೋದವರು ಬೇಗ ಬರಲಿಲ್ಲ. ಹೊರಗೆ ಬೀದಿಯಲ್ಲಿ ಜನ ನಿಂತು ವಾದಿಸುತ್ತಿದ್ದರು. ಒಡತಿ ನನಗೆ ಈ ಸೀಮೆಯ ‘ಅಸಿಯಾತಿಕೊ’ ಕಾಫಿ ಕೊಡಿಸಿದರು. ಗಟ್ಟಿ ಸಿಹಿ ಹಾಲು, ಬ್ರಾಂದಿ, ಮೇಲೆ ದಾಲ್ಚಿನ್ನಿ. ನಾನು ಬ್ರಾಂದಿ ಬೇಡವೆಂದು ಕೇಳಿ ಕುಡಿದೆ. ಗಂಟೆ ಮೂರರ ಹತ್ತಿರ ಹೆಸರುಗಳನ್ನು ಓದಿದರು. ದೀಪ ಆ ಹುಡುಗನಿಗೇ ಬಂತು. ಅವನು ಅದನ್ನು ಮೇಲೆತ್ತಿ ತೋರಿಸಲಿಲ್ಲ, ಎರಡೂ ಕೈಗಳಿಂದ ಎದೆಗೆ ಒತ್ತಿಕೊಂಡ. ಒಡತಿ ಕುರ್ಚಿಯಿಂದ ಎದ್ದು ನಿಂತು ಅತ್ತರು.

ನಮ್ಮೂರಿನಲ್ಲಿ ಆಗ ಬೆಳಗಿನ ಆರೂವರೆ. ಅಪ್ಪ ಎದ್ದಿರುತ್ತಾರೆಂದು ಗೊತ್ತಿತ್ತು. ಮೊಬೈಲ್‌ನಲ್ಲಿ ತೆಗೆದ ಚಿತ್ರ ಕಳಿಸಿ, ಬೀದಿಗೆ ಬಂದು ಕರೆ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಕನ್ನಡಕ ಹುಡುಕುತ್ತಿದ್ದರೆಂದು ಕಾಣುತ್ತದೆ.

“ಒಳ್ಳೆಯ ದೀಪ” ಎಂದರು. “ಉರಿಯುತ್ತದೆಯೇ, ಕೇಳಿದೆಯಾ?”